ಮೇಣದ ಉರುಳೆಯಲ್ಲಿ ಕೇಳಿದ ಕನ್ನಡ

ದೆವ್ವ, ಶಕುನ, ಕನಸಿನಲ್ಲಿ ಬಂದು ಮಾತಾಡುವ ಹಿರಿಯರು, ಇವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಸ್ನೇಹಿತರ ಮನೆಯ ಊಟದಲ್ಲಿ ಯಾರಾದರೂ ಇಂಥ ಕತೆ ಶುರುಮಾಡಿದರೆ ತಟ್ಟೆ ತೊಳೆಯುವ ನೆಪ ಮಾಡಿ ಎದ್ದುಹೋಗುತ್ತಿದ್ದೆ. ಇಡೀ ಜೀವನ ಎಂಜಿನಿಯರ್ ಕೆಲಸ ಮಾಡಿದವನು ನಾನು. ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಅಡಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಈಗಲೂ ದೆವ್ವಗಳನ್ನು ನಂಬುತ್ತೇನೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ, ಇರ್ವಿಂಗ್ ಊರಿನ ನಮ್ಮ ಮನೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ಏನು ನಡೆಯಿತೋ ಅದನ್ನು ನಡೆದ ಹಾಗೆ ಹೇಳುತ್ತೇನೆ. ಅರ್ಥ ನಿಮಗೆ ಹೊಳೆದರೆ ಒಳ್ಳೆಯದು, ನನಗಂತೂ ಹೊಳೆದಿಲ್ಲ.

ಆಗ ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ನನಗೊಂದು ಹುಚ್ಚು ಹವ್ಯಾಸವಿತ್ತು. ಗ್ರಾಮಫೋನಿನ ತಟ್ಟೆಗಳು ಮನೆಮನೆಗೆ ಬರುವ ಮೊದಲು ಹಾಡನ್ನೂ ಮಾತನ್ನೂ ಮೇಣದ ಉರುಳೆಗಳ ಮೇಲೆ ಕೊರೆದು ಇಡುತ್ತಿದ್ದರು. ನೋಡಲು ಲೋಟದಷ್ಟೇ ದೊಡ್ಡದು, ಒಳಗೆ ಟೊಳ್ಳು. ಒಂದು ಉರುಳೆಯಲ್ಲಿ ಎರಡು ನಿಮಿಷದ ಶಬ್ದ ಹಿಡಿಯುತ್ತದೆ. ಕೀಲಿ ಕೊಟ್ಟ ಯಂತ್ರಕ್ಕೆ ಸಿಕ್ಕಿಸಿ ಸೂಜಿ ಇಟ್ಟರೆ ಕಹಳೆಯಿಂದ ನೂರು ವರ್ಷದ ಹಿಂದಿನವರು ಹಾಡುತ್ತಾರೆ. ಅವನ್ನು ಹೊರಗಿನಿಂದ ಹಿಡಿಯುವ ಹಾಗಿಲ್ಲ, ಎರಡು ಬೆರಳನ್ನು ಒಳಗೆ ತೂರಿಸಿ ಅಗಲಿಸಿ ಎತ್ತಬೇಕು. ಕೈಯ ಬಿಸಿಗೇ ಸೀಳು ಬಿಡುತ್ತವೆ, ತೇವಕ್ಕೆ ಬೂಷ್ಟು ಹಿಡಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಎಂದರೆ, ಪ್ರತಿ ಸಲ ಕೇಳಿದಾಗಲೂ ಸೂಜಿ ಸ್ವಲ್ಪ ಮೇಣವನ್ನು ಕೆರೆದು ತೆಗೆಯುತ್ತದೆ. ಎಷ್ಟು ಕೇಳುತ್ತೀರೋ ಅಷ್ಟು ಅಳಿಸುತ್ತೀರಿ. ನನ್ನ ಹೆಂಡತಿ ವಸುಧಾ ಈ ಪೆಟ್ಟಿಗೆಗಳನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಸತ್ತವರ ದನಿಗೆ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದೀರಿ, ಬದುಕಿರುವ ನಾನು ಕರೆದರೆ ಕಿವಿ ಕೇಳಿಸುವುದಿಲ್ಲ ಎನ್ನುತ್ತಿದ್ದಳು.

ಅವಳು ಧಾರವಾಡದವಳು, ನಾನು ಮೈಸೂರಿನವನು. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಅವಳ ಮಾತನ್ನು ಅಣಕಿಸಿದ್ದಕ್ಕೋ ಏನೋ, ಒಂದೇ ವರ್ಷದಲ್ಲಿ ನಮ್ಮ ಹಾಗೆಯೇ ಮಾತಾಡಲು ಕಲಿತುಬಿಟ್ಟಳು. ಮಾತು ಎಂದರೆ ಅವಳಿಗೆ ಉಸಿರು. ಇಂಡಿಯನ್ ಅಂಗಡಿಯಲ್ಲಿ ಬದನೆಕಾಯಿ ಆರಿಸುವಾಗಲೂ ಪಕ್ಕದವರ ಪರಿಚಯ ಮಾಡಿಕೊಂಡು ಬರುತ್ತಿದ್ದಳು.

ಅಂಥವಳಿಗೆ ಒಂದು ಬೆಳಿಗ್ಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಲ್ಪ ಮಟ್ಟಿಗೆ ಮರಳಿದವು. ಮಾತು ಮರಳಲಿಲ್ಲ. ಏಳು ತಿಂಗಳು ಒಂದು ಪದವಿಲ್ಲ. ಸ್ಪೀಚ್ ಥೆರಪಿಯ ಹುಡುಗಿ ಲೋಟದ ಚಿತ್ರ, ಬೆಕ್ಕಿನ ಚಿತ್ರ ತೋರಿಸುತ್ತಿದ್ದಳು. ವಸುಧಾ ಬಾಯಿ ತೆರೆಯುತ್ತಿದ್ದಳು, ಕುತ್ತಿಗೆಯ ನರ ಉಬ್ಬುತ್ತಿತ್ತು, ಏನೂ ಹೊರಡುತ್ತಿರಲಿಲ್ಲ. ಆಮೇಲೆ ನನ್ನ ಕಡೆ ನೋಡುತ್ತಿದ್ದಳು. ಆ ನೋಟವನ್ನು ತಡೆಯಲಾಗದೆ ನಾನು ಎಷ್ಟೋ ಸಲ ಗರಾಜಿಗೆ ಹೋಗಿ ಕಾರಿನೊಳಗೆ ಕೂತು ಅತ್ತಿದ್ದೇನೆ. ದೇವಸ್ಥಾನಕ್ಕೆ ಹೋದೆ, ಹರಕೆ ಹೊತ್ತೆ. ನಂಬದವನು ಅದನ್ನೂ ಮಾಡಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಕೊನೆಗೆ ಹ್ಯೂಸ್ಟನ್ನಿನ ಒಬ್ಬ ದೊಡ್ಡ ನರತಜ್ಞರ ಹತ್ತಿರ ಹೋದೆವು. ಆಸ್ಟಿನ್‌ನಲ್ಲಿ ಓದುತ್ತಿದ್ದ ನಮ್ಮ ಮಗಳು ಅನಘಾ ರಜೆ ಹಾಕಿ ಬಂದು ಡ್ರೈವ್ ಮಾಡಿದಳು. ತಜ್ಞರು ಸ್ಕ್ಯಾನ್‌ಗಳನ್ನು ಬಹಳ ಹೊತ್ತು ನೋಡಿದರು. ಇನ್ನು ಮಾತಿನ ಆಸೆ ಇಟ್ಟುಕೊಳ್ಳದೆ ಸನ್ನೆಯಲ್ಲಿ ಬದುಕುವುದನ್ನು ಕಲಿಸುವುದು ಒಳ್ಳೆಯದು ಎಂದು ಮೆತ್ತಗೆ ಹೇಳಿದರು. ವಸುಧಾ ಅಲ್ಲೇ ಕೂತಿದ್ದಳು. ಅವಳಿಗೆ ಎಷ್ಟು ಅರ್ಥವಾಯಿತೋ ತಿಳಿಯದು.

ಹಿಂತಿರುಗುವಾಗ ಊರು ದಾಟುವ ಮೊದಲು, ಒಂದು ಹಳೆಯ ಮನೆಯ ಮುಂದೆ ಎಸ್ಟೇಟ್ ಸೇಲ್ ಬೋರ್ಡು ಕಂಡಿತು. ತೀರಿಕೊಂಡವರ ಮನೆಯ ಸಾಮಾನನ್ನೆಲ್ಲ ಮಾರುವ ಮಾರಾಟ. ನಿಲ್ಲಿಸು ಎಂದೆ. ಅನಘಾ ಕನ್ನಡಿಯಲ್ಲಿ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಇಂಥ ಹೊತ್ತಿನಲ್ಲೂ ಅಪ್ಪನಿಗೆ ಇದೇ ಬೇಕೇ ಎಂಬ ನೋಟ. ನಿಜ ಹೇಳಬೇಕೆಂದರೆ ಐದು ನಿಮಿಷ ಆ ಕಾರಿನಿಂದ ಹೊರಗಿರಬೇಕಿತ್ತು ನನಗೆ. ಒಳಗೆ ಹೊಲಿಗೆ ಯಂತ್ರದ ಪಕ್ಕ ಒಂದು ರಟ್ಟಿನ ಡಬ್ಬಿಯಲ್ಲಿ ಒಂದೇ ಒಂದು ಕಂದು ಉರುಳೆಯಿತ್ತು. ಚೀಟಿಯಿಲ್ಲ, ಹೆಸರಿಲ್ಲ. ಅಲ್ಲಲ್ಲಿ ಬಿಳಿ ಬೂಷ್ಟು. ಮನೆಯಲ್ಲೇ ಯಾರೋ ರೆಕಾರ್ಡ್ ಮಾಡಿದ್ದು ಎಂದು ನೋಡಿದೊಡನೆ ತಿಳಿಯಿತು. ಬಿಸಿಲಿಗೆ ಕರಗೀತು ಎಂದು ಎಸಿಯ ಗಾಳಿ ಬರುವ ಕಡೆ ತೊಡೆಯ ಮೇಲಿಟ್ಟುಕೊಂಡು ತಂದೆ.

ಮರುದಿನ ಶನಿವಾರ. ಊಟವಾಗಿತ್ತು. ವಸುಧಾ ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು, ನಡುವಿನ ಬಾಗಿಲು ತೆರೆದಿತ್ತು. ಅನಘಾ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದಳು. ಹೊಸ ಉರುಳೆ ತಂದಾಗ ಮೊದಲ ಸಲ ಹಾಕುವಾಗಲೇ ಟೇಪಿಗೆ ಇಳಿಸಿಕೊಳ್ಳುವುದು ನನ್ನ ನಿಯಮ. ಅಂದು ಯಾವುದಕ್ಕೂ ಮನಸ್ಸಿರಲಿಲ್ಲ. ಸುಮ್ಮನೆ ಕೀಲಿ ಕೊಟ್ಟು ಸೂಜಿ ಇಟ್ಟೆ.

ಮೊದಲು ಹುರಿದ ಹಾಗೆ ಚರಚರ ಸದ್ದು. ಅದರ ಹಿಂದಿನಿಂದ, ದೂರದ ಪಡಸಾಲೆಯಿಂದ ಕರೆದಂತೆ, ಒಬ್ಬ ಹುಡುಗಿಯ ದನಿ ಬಂತು.

“ಒಳಗ ಒಬ್ಬಾಕಿನ ಏನ ಮಾಡ್ಲಿಕ್ಕತ್ತೀ? ಎಲ್ಲಾರೂ ಉಂಡು ಎದ್ರು. ಹೊರಗ ಬಾ.”

ನಾನು ಕೇಳಿದ್ದು ಇಷ್ಟೇ ಪದಗಳನ್ನು, ಇದೇ ಕ್ರಮದಲ್ಲಿ. ನನ್ನ ಕೈ ಕೀಲಿಯ ಮೇಲೆಯೇ ಉಳಿಯಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ, ಸ್ವಲ್ಪ ಬೇಸರದಲ್ಲಿ, ದಿನಾ ಉತ್ತರ ಕೊಡುವವರ ಹಾಗೆ, ವಸುಧಾ ಹೇಳಿದಳು.

“ಬಂದ್ನಿ, ತಡಿ.”

ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು. ಅನಘಾ ಓಡಿಬಂದಳು, ನಾನೂ ಓಡಿದೆ. ವಸುಧಾ ಮಂಚದ ಅಂಚಿಗೆ ಬಂದು ಎರಡೂ ಕಾಲು ಕೆಳಗೆ ಇಳಿಸಿ ಕೂತಿದ್ದಳು. ಸ್ಟ್ರೋಕ್ ಆದಮೇಲೆ ನಮ್ಮ ಸಹಾಯವಿಲ್ಲದೆ ಅವಳು ಹಾಗೆ ಎದ್ದು ಕೂತದ್ದೂ ಅದೇ ಮೊದಲು. ಮಾತಾಡು, ಇನ್ನೊಂದು ಸಲ ಮಾತಾಡು ಎಂದು ಅನಘಾ ಅವಳ ಭುಜ ಹಿಡಿದು ಬೇಡಿದಳು. ವಸುಧಾ ಬಾಯಿ ತೆರೆದಳು. ನರ ಉಬ್ಬಿತು. ಏನೂ ಬರಲಿಲ್ಲ.

ಆಗ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಸುಡುತ್ತದೆ. ಓಡಿಹೋಗಿ ಸೂಜಿಯನ್ನು ಮತ್ತೆ ಮೊದಲಿಗೆ ಇಟ್ಟೆ. ಈ ಸಲ ಹುಡುಗಿಯ ದನಿ ಇತ್ತೋ ಇಲ್ಲವೋ, ಇದ್ದ ಹಾಗಿತ್ತು, ಪದ ಬಿಡಿಸಲಾಗಲಿಲ್ಲ. ಮತ್ತೆ ಇಟ್ಟೆ. ಮತ್ತೆ. ಹತ್ತು ಸಲವೋ, ಮೂವತ್ತು ಸಲವೋ. ಟೇಪ್ ರೆಕಾರ್ಡರ್ ಕಪಾಟಿನಲ್ಲೇ ಇತ್ತು, ಅದನ್ನು ತರುವಷ್ಟು ಬುದ್ಧಿಯೂ ಉಳಿದಿರಲಿಲ್ಲ. ಪ್ರತಿ ಸಲವೂ ಅರ್ಧಕ್ಕೇ ಎತ್ತಿ ಹಿಂದಕ್ಕೆ ತರುತ್ತಿದ್ದೆ. ಒಂದು ಸಲ, ಇನ್ನೊಂದೇ ಸಲ ಅವಳು ಕರೆದರೆ ಇವಳು ಓಗೊಡುತ್ತಾಳೆ ಎಂಬುದೊಂದೇ ತಲೆಯಲ್ಲಿ. ಕಂದು ಮೇಣದ ಪುಡಿ ಮೇಜಿನ ಮೇಲೆ ಸುರಿಯುತ್ತಿತ್ತು. ಕಹಳೆಯಿಂದ ಬರುತ್ತಿದ್ದದ್ದು ಬರಿ ಕೆರೆತ.

“ಅಪ್ಪಾ, ಸಾಕು,” ಎಂದು ಅನಘಾ ನನ್ನ ಮಣಿಕಟ್ಟು ಹಿಡಿದಳು. “ಪ್ಲೀಸ್. ಅಮ್ಮ ಹೆದರಿದಾಳೆ.”

ಸೂಜಿ ಎತ್ತಿಟ್ಟು ವಸುಧಾಳ ಹತ್ತಿರ ಹೋದೆ.

ಸಂಜೆ ಅವಳಿಗೆ ಸಮಾಧಾನವಾದ ಮೇಲೆ ಪಕ್ಕದಲ್ಲಿ ಕೂತು ಕೇಳಿದೆ. ಆ ದನಿ ನಿನಗೆ ಗೊತ್ತೇ? ಗೊತ್ತು ಎಂದು ತಲೆಯಾಡಿಸಿದಳು. ನಿನ್ನ ತಾಯಿಯದೇ? ಅಲ್ಲ. ಅಕ್ಕನದೇ? ಅಲ್ಲ. ಗೆಳತಿಯರ ಹೆಸರು, ಸೋದರತ್ತೆಯರ ಹೆಸರು, ನನಗೆ ನೆನಪಿದ್ದ ಧಾರವಾಡದ ಹೆಂಗಸರ ಹೆಸರನ್ನೆಲ್ಲ ಹೇಳಿದೆ. ಎಲ್ಲಕ್ಕೂ ಅಲ್ಲ. ಕೊನೆಗೆ ಎಡಗೈಯಿಂದ ನನ್ನ ಬಾಯಿ ಮುಚ್ಚಿ ಅತ್ತಳು. ಇಂಥ ರೋಗಿಗಳು ಹೌದು, ಅಲ್ಲ ಎಂದು ತಲೆಯಾಡಿಸುವುದನ್ನು ಪೂರ್ತಿ ನಂಬಬಾರದು ಎಂದು ಥೆರಪಿಯ ಹುಡುಗಿ ಆಮೇಲೆ ಹೇಳಿದಳು. ಹಳೆಯ ರೂಢಿಯ ಮಾತು ಒಮ್ಮೊಮ್ಮೆ ತಾನಾಗಿ ಹೊರಬೀಳುವುದುಂಟು ಎಂದೂ ಹೇಳಿದಳು. ವಸುಧಾ ಮಾತಾಡಿದ್ದಕ್ಕೆ ಅದು ಸಮಾಧಾನವಾದೀತು. ಕರೆದದ್ದು ಯಾರು ಎಂಬುದಕ್ಕೆ ಆಗುವುದಿಲ್ಲ.

ಉರುಳೆಯನ್ನು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನ ವಾಲ್ಟರ್ ಹತ್ತಿರ ಒಯ್ದೆ. ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮುದುಕ, ನನಗಿಂತ ಹಳೆಯ ಸಂಗ್ರಾಹಕ. ಮೇಣಕ್ಕೆ ನೋವಾಗದಂಥ ಹಗುರ ಸೂಜಿಯ ಯಂತ್ರವನ್ನು ತಾನೇ ಮಾಡಿಕೊಂಡಿದ್ದ. ಭೂತಗನ್ನಡಿಯಲ್ಲಿ ನೋಡಿ, ಮೊದಲರ್ಧವನ್ನು ಯಾರೋ ಉತ್ತುಹಾಕಿದ್ದಾರೆ, ಅಲ್ಲಿ ಇನ್ನೇನೂ ಇಲ್ಲ ಎಂದ. ಯಾರೆಂದು ನಾನು ಹೇಳಲಿಲ್ಲ. ಉಳಿದರ್ಧ ಹಾಕಿದ. ಒಬ್ಬ ಗಂಡಸು ಜರ್ಮನ್ ಭಾಷೆಯಲ್ಲಿ ಏನೋ ಎಣಿಸುತ್ತಾನೆ, ಯಾರೋ ನಗುತ್ತಾರೆ, ಅಕಾರ್ಡಿಯನ್ ವಾದ್ಯ ಶುರುವಾಗುತ್ತದೆ, ಮುಗಿಯುತ್ತದೆ. ಟೆಕ್ಸಸ್‌ನ ಹಳೆಯ ಜರ್ಮನ್ ರೈತರ ಮನೆಯದು, ನೂರು ವರ್ಷದ್ದು, ಇಂಥವು ಬೇಕಾದಷ್ಟಿವೆ ಎಂದ. ಅದರಲ್ಲಿ ನಮ್ಮ ಭಾಷೆ ಇತ್ತು ಎಂದು ನಾನು ಹೇಳಿದಾಗ ವಾಲ್ಟರ್ ನಗಲಿಲ್ಲ. ಬೇಕೆಂದು ಹಂಬಲಿಸಿದವರಿಗೆ ಬೂಷ್ಟಿನ ಸದ್ದಿನಲ್ಲಿ ಏನು ಬೇಕಾದರೂ ಕೇಳಿಸುತ್ತದೆ ಎಂದಷ್ಟೇ ಹೇಳಿ ಕಾಫಿ ಕೊಟ್ಟ. ಇರಬಹುದು. ಆದರೆ ನಾನು ಹಂಬಲಿಸಿದ್ದು ವಸುಧಾಳ ಮಾತಿಗೆ, ಧಾರವಾಡದ ಯಾವುದೋ ಹುಡುಗಿಯ ಮಾತಿಗಲ್ಲ. ಮೇಲಾಗಿ ಗೋಡೆಗೆ ಮುಖ ಮಾಡಿ ಮಲಗಿದ್ದವಳಿಗೂ ಅದೇ ಕೇಳಿಸಿತ್ತಲ್ಲ.

ಅದಾದ ಮೇಲೆ ವಸುಧಾ ನಾಲ್ಕು ವರ್ಷ ಬದುಕಿದಳು. ಇನ್ನೊಂದು ಪದ ಆಡಲಿಲ್ಲ. ನಾನು ಉರುಳೆಗಳನ್ನೆಲ್ಲ ವಾಲ್ಟರ್‌ಗೆ ಕೊಟ್ಟುಬಿಟ್ಟೆ.

ಅವಳ ಕ್ರಿಯೆಗಳೆಲ್ಲ ಮುಗಿದ ಮೇಲೆ ಅನಘಾ ಒಂದು ವಾರ ನನ್ನ ಜೊತೆ ಉಳಿದಳು. ಒಂದು ಬೆಳಿಗ್ಗೆ ಅಮ್ಮನ ಸೀರೆಗಳನ್ನು ಮಡಿಸುತ್ತಾ ಆ ಶನಿವಾರದ ಮಾತು ತೆಗೆದಳು. ಅಷ್ಟು ವರ್ಷ ನಾವಿಬ್ಬರೂ ಅದನ್ನು ಆಡಿರಲಿಲ್ಲ. ಕಹಳೆಯ ದನಿ ಅಡುಗೆಮನೆಗೆ ಕೇಳಿಸಿತ್ತೇ ಎಂದು ಕೇಳಿದೆ. ಕೇಳಿಸಿತ್ತು, ಆ ಕನ್ನಡ ಮಾತ್ರ ಪೂರ್ತಿ ಅರ್ಥವಾಗಿರಲಿಲ್ಲ ಎಂದಳು. ಆಮೇಲೆ ಇದೇನು ಕೇಳುವ ವಿಷಯವೇ ಎಂಬಂತೆ ನನ್ನನ್ನು ನೋಡಿದಳು.

“ಎರಡೂ ಅಮ್ಮನೇ ಅಲ್ವಾ ಅಪ್ಪಾ? ಕರೆದಿದ್ದೂ ಅಮ್ಮ, ಬಂದೆ ಅಂದಿದ್ದೂ ಅಮ್ಮ. ಐ ಥಾಟ್ ಯು ನ್ಯೂ.”

ನನಗೆ ತಿಳಿದಿರಲಿಲ್ಲ. ಹುಡುಗಿಯಾಗಿದ್ದಾಗ ವಸುಧಾ ಹೇಗೆ ಮಾತಾಡುತ್ತಿದ್ದಳು ಎಂಬುದು ನನಗೆ ಗೊತ್ತೇ ಇಲ್ಲ. ನಾನು ಕಿವಿಗೊಟ್ಟು ಕೇಳುವ ಹೊತ್ತಿಗೆ ಅವಳು ನಮ್ಮ ಮನೆಯ ಮಾತು ಕಲಿತಿದ್ದಳು. ಅಂದು ಸಂಜೆ ನಾನು ಹೇಳಿದ ಅಷ್ಟು ಹೆಸರುಗಳಲ್ಲಿ ಅವಳದೊಂದು ಇರಲಿಲ್ಲ.