ಉದ್ದ ಹುಡುಗರ ಡಾಕ್ಟರು

ನನ್ನನ್ನು ನೋಡಲು ಉಡುಪಿಗೆ ಬಂದ ದಿನ ಇವರು ನನ್ನ ಮುಖಕ್ಕಿಂತ ನನ್ನ ಅಣ್ಣನ ಪಾದಗಳನ್ನು ಹೆಚ್ಚು ನೋಡಿದರು. ಪಾಪ, ನಾಚಿಕೆ ಸ್ವಭಾವ, ತಲೆ ಎತ್ತುವುದಿಲ್ಲ ಎಂದು ಅಮ್ಮ ಮೆಚ್ಚಿಕೊಂಡರು. ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಈ ಮನೆತನದಲ್ಲಿ ಎತ್ತರದ ಮಕ್ಕಳು ಹುಟ್ಟುತ್ತಾರೆಯೇ ಎಂದು ಲೆಕ್ಕ ಹಾಕುತ್ತಿದ್ದರಂತೆ.

ಇವರು ಎಂದರೆ ನನ್ನ ಗಂಡ, ಡಾಕ್ಟರ್ ರತ್ನಾಕರ. ಮಲೇಷ್ಯಾದ ಸೈಬರ್‌ಜಯಾ ಹತ್ತಿರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಾರೆ. ಸಂಬಳ ಅದಕ್ಕೆ, ಜೀವ ಮಾತ್ರ ಬಾಸ್ಕೆಟ್‌ಬಾಲಿಗೆ. ಆಟಗಾರರಿಗೆಂದು ಕಾಲೇಜಿನಲ್ಲಿ ವರ್ಷಕ್ಕೊಂದು ಸೀಟು ಮೀಸಲಿದೆ. ಅದಕ್ಕೆ ತಕ್ಕ ಹುಡುಗನನ್ನು ಹುಡುಕುವ ಕೆಲಸವನ್ನು ಯಾರೂ ಹೇಳದೆಯೇ ಇವರು ತಲೆಯ ಮೇಲೆ ಹೊತ್ತುಕೊಂಡರು. ಸ್ವತಃ ಐದಡಿ ನಾಲ್ಕಂಗುಲ. ಅಡುಗೆಮನೆಯ ಮೇಲಿನ ಗೂಡಿನಿಂದ ಡಬ್ಬ ಇಳಿಸಬೇಕಾದರೆ ನನ್ನನ್ನೇ ಕರೆಯುತ್ತಾರೆ.

ಶಾಲೆಗಳ ಪಂದ್ಯ ಎಲ್ಲೇ ಇರಲಿ, ಕಾರು ಹತ್ತಿ ಹೊರಟುಬಿಡುತ್ತಾರೆ. ಹೋಗಿ ಆಟ ನೋಡುತ್ತಾರೆಯೇ ಎಂದರೆ ಅದೂ ಇಲ್ಲ. ಗ್ಯಾಲರಿಯಲ್ಲಿ ಕುಳಿತ ತಾಯಂದಿರನ್ನು ನೋಡುತ್ತಾರೆ.

"ಆಡುವವನನ್ನು ನೋಡಿ ಎಂತ ಮಾಡುದು ಮಾರಾಯ್ತಿ? ಅವನ ಅಮ್ಮನನ್ನು ನೋಡಬೇಕು. ಮತ್ತೆ ಅವನ ಪಾದ ನೋಡಬೇಕು. ಎತ್ತರ ಒಂದನ್ನು ಕಲಿಸ್ಲಿಕ್ಕೆ ಆಗುದಿಲ್ಲ. ಉಳಿದದ್ದೆಲ್ಲ ಕಲಿಸಬಹುದು."

ಪೆನಾಂಗಿನಲ್ಲಿ ಹೀಗೆ ಒಬ್ಬಾಕೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಾಗ ಆಕೆಯ ಗಂಡ ತೋಳು ಮಡಚಿಕೊಂಡು ಬಂದ. "ನಿಮ್ಮ ಹೆಂಡತಿಯ ಮೊಣಕಾಲಿನ ಕೆಳಗಿನ ಮೂಳೆ ಬಹಳ ಉದ್ದ ಇದೆ" ಎಂದು ಈ ಮಹಾನುಭಾವರು ಇಂಗ್ಲಿಷಿನಲ್ಲಿ ಹೊಗಳಿದರು. ಪಕ್ಕದಲ್ಲಿದ್ದ ನಾನು "ಅಯ್ಯೋ ದೇವರೇ" ಎಂದು ತಲೆ ಚಚ್ಚಿಕೊಂಡೆ. ಆ ಕನ್ನಡವೇ ನಮ್ಮನ್ನು ಉಳಿಸಿತು. ಗಂಡಹೆಂಡತಿ ಇಬ್ಬರೂ ಮೈಸೂರಿನವರು, ಅಲ್ಲೇ ಬಯಾನ್ ಲೆಪಾಸಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರುಗಳು. ಅರ್ಧ ಗಂಟೆಯಲ್ಲಿ ಎಲ್ಲರೂ ಮಾಮಕ್ ಎನ್ನುವ ಅಲ್ಲಿಯ ತಿಂಡಿ ಅಂಗಡಿಯಲ್ಲಿ ಪರೋಟದಂಥ ರೋಟಿ ಚನಾಯ್ ತಿನ್ನುತ್ತಿದ್ದೆವು. ಮೂಳೆಯ ಯಜಮಾನಿ ಮಾನಸ. ಅವರ ಮಗ ಸುಮಂತ ಆರಡಿ ಏಳಂಗುಲ. ಮೆಡಿಕಲ್ ಓದುವ ಆಸೆ ಅವನಿಗೂ ಇತ್ತು, ಇವರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಸೀಟು ಕೊಟ್ಟದ್ದಾಯಿತು. ಬಂದವನಿಗೆ ಚೆಂಡು ಹಿಡಿಯಲೇ ಬರುತ್ತಿರಲಿಲ್ಲ. ಎಸೆದರೆ ಎದೆಗೆ ಬಡಿದು ಬೀಳುತ್ತಿತ್ತು. ಅಪ್ಪಿತಪ್ಪಿ ಕೈಗೆ ಸಿಕ್ಕರೆ, ರಿಂಗಿಗೆ ಬೆನ್ನು ಕೊಟ್ಟು ನಿಂತು, ಬಿಸಿ ಪಾತ್ರೆ ಹಿಡಿದವನಂತೆ ಪಕ್ಕದವನಿಗೆ ದಾಟಿಸಿಬಿಡುತ್ತಿದ್ದ. ಶನಿವಾರ ನಮ್ಮ ಮನೆಗೆ ಬಂದು ನೀರ್ ದೋಸೆ ತಿನ್ನುವಾಗ ಮಾತ್ರ ಕೈ ತಪ್ಪುತ್ತಿರಲಿಲ್ಲ. "ಇನ್ನೊಂದು ಹಾಕಲಾ?" ಎಂದರೆ "ಕ್ಯಾನ್ ಲಾ, ಆಂಟಿ" ಎಂದು ಇಲ್ಲಿಯ ಇಂಗ್ಲಿಷಿನಲ್ಲಿ ಹೂಂಗುಟ್ಟುತ್ತಿದ್ದ. ಕಾವಲಿಯ ಮುಂದೆ ನಾನು ಸೀದು ಹೋದೆನೇ ಹೊರತು ಅವನ ಕ್ಯಾನ್ ಮುಗಿಯಲಿಲ್ಲ.

"ಇದು ಲಾಂಗ್ ಟರ್ಮ್ ಪ್ರಾಜೆಕ್ಟು" ಎಂದು ಇವರ ಸಮಾಧಾನ. "ದೊಡ್ಡ ಮೈಗೆ ಬುದ್ಧಿ ನಿಧಾನ ಇಳೀತದೆ. ಮೂರು ವರ್ಷ ಬೇಕು."

ಇಲ್ಲಿಯೇ ಇರುವುದು ಇವರ ಪಾಂಡಿತ್ಯ. ನಮ್ಮ ಕಾಲೇಜಿನ ಹುಡುಗರು ಇಲ್ಲಿ ಓದುವುದು ಎರಡೇ ವರ್ಷ. ಆಮೇಲೆ ಆಸ್ಪತ್ರೆಯ ಪಾಠಕ್ಕೆಂದು ಇಪೊದ ಕ್ಯಾಂಪಸ್ಸಿಗೆ ಹೋಗುತ್ತಾರೆ. ಇಪೊಗೆ ತನ್ನದೇ ತಂಡ. ಪ್ರತಿ ವರ್ಷ ಕಪ್ಪಿಗಾಗಿ ಎರಡೂ ಕ್ಯಾಂಪಸ್ಸು ಆಡುತ್ತವೆ. ಇವರು ತಿದ್ದಿ ತೀಡಿದ ಉದ್ದ ಹುಡುಗರೆಲ್ಲ ಅಲ್ಲಿ ಹೋಗಿ ಮಾಗುತ್ತಾರೆ, ಮಾಗಿ ಬಂದು ನಮ್ಮನ್ನೇ ಬಡಿಯುತ್ತಾರೆ. ಬಾಡಿಗೆ ಮನೆಯ ಹಿತ್ತಲಲ್ಲಿ ಹಲಸಿನ ಗಿಡ ನೆಟ್ಟವರಿಗೆ ಹಣ್ಣು ಸಿಗುತ್ತದೆಯೇ? ಇಷ್ಟು ಹೇಳಿದರೆ, "ಹಲಸು ಹಲಸೇ ಅಲ್ವಾ, ಯಾರು ತಿಂದ್ರೆ ಎಂತ?" ಎನ್ನುತ್ತಾರೆ. ಇಂಥವರೊಡನೆ ಸಂಸಾರ ಮಾಡಿ ನೋಡಿ, ಗೊತ್ತಾಗುತ್ತದೆ.

ಸುಮಂತನೂ ಹಾಗೆಯೇ ಇಪೊಗೆ ಹೋದ. ಕಳೆದ ವರ್ಷವೂ ಸೋತಾಗ ಡೀನ್ ಯಜ್ಞನಾರಾಯಣರ ತಾಳ್ಮೆ ಮುಗಿಯಿತು. ಅವರು ಮಣಿಪಾಲದವರು, ಮಾತು ಮೆತ್ತಗೆ, ಪೆಟ್ಟು ಗಟ್ಟಿ.

"ರತ್ನಾಕರರೇ, ಬರುವ ವರ್ಷ ಇಪೊವನ್ನು ಸೋಲಿಸಿ. ಇಲ್ಲದಿದ್ರೆ ಆಟಗಾರರನ್ನು ಆರಿಸುವ ಕೆಲಸ ಜಿಮ್ಮಿನ ಗುರುದತ್ತನಿಗೆ ಕೊಡ್ತೇನೆ. ಅವನು ಆಡ್ಲಿಕ್ಕೆ ಬರುವವರನ್ನಾದರೂ ತರ್ತಾನೆ."

ಇವರು ಆ ದಿನ ಊಟ ಮಾಡಲಿಲ್ಲ. ನನಗೆ ಸಂಕಟವಾಯಿತು. ಈ ಮನುಷ್ಯನಿಗೆ ಸಿನಿಮಾ ಬೇಡ, ಷೇರು ಬೇಡ, ಸ್ನೇಹಿತರೂ ಅಷ್ಟಕ್ಕಷ್ಟೇ. ಇದೊಂದನ್ನು ಕಿತ್ತುಕೊಂಡರೆ ಉಳಿಯುವುದೇನು? ನಾನೇ ಕೂರಿಸಿಕೊಂಡು ಬೈದೆ. "ಈ ಸಲ ಅಮ್ಮಂದಿರ ಕಾಲು ನೋಡುದು ಸಾಕು ಮಾರಾಯ್ರೇ. ಓಡುವವನನ್ನು ತನ್ನಿ." ಇವರು ಕಹಿ ಕಷಾಯ ಕುಡಿದ ಮುಖ ಮಾಡಿಕೊಂಡು, ಚುರುಕಾದ ಒಬ್ಬ ಕುಳ್ಳ ಹುಡುಗನನ್ನು ತಂದರು.

ತಂಡ ಸರಿಹೋಯಿತು. ಈ ವರ್ಷ ಇಪೊ ಎದುರು ಕೊನೆಯ ನಿಮಿಷದವರೆಗೂ ನಾವು ಒಂದು ಪಾಯಿಂಟು ಮುಂದಿದ್ದೆವು. ನಾನು ಇವರ ಹಿಂದಿನ ಸಾಲಿನಲ್ಲಿ ಕುಳಿತು ಗಣಪತಿಗೆ ತೆಂಗಿನಕಾಯಿ ಹೇಳಿಕೊಂಡಿದ್ದೆ.

ಆಗ ಚೆಂಡು ರಿಂಗಿನ ಕೆಳಗೆ ನಿಂತಿದ್ದ ಸುಮಂತನ ಕೈಗೆ ಬಂತು. ಚೆಂಡು ಹಿಡಿಯಲು ಇಪೊದಲ್ಲಿ ಕಲಿತಿದ್ದ. ಆದರೆ ಬೆನ್ನು ಇನ್ನೂ ರಿಂಗಿನ ಕಡೆಗೇ. ಹಿಂದೆ ನಮ್ಮವರು ಒಬ್ಬರೂ ಇರಲಿಲ್ಲ, ಅದು ಅವನಿಗೆ ಕಾಣುತ್ತಿರಲಿಲ್ಲ. ಹಳೆಯ ಚಾಳಿಯಂತೆ ದಾಟಿಸಲು ಪಕ್ಕದವನನ್ನು ಹುಡುಕುತ್ತಿದ್ದ. ದಾಟಿಸಿದ್ದರೆ ಹೊತ್ತು ಮುಗಿದು ನಾವು ಗೆಲ್ಲುತ್ತಿದ್ದೆವು.

ನನ್ನ ಗಂಡ ನಮ್ಮ ಬೆಂಚಿನಿಂದ ಎದ್ದು ನಿಂತು ಕೂಗಿದರು. "ತಿರುಗು ಸುಮಂತ, ಹಿಂದೆ ಯಾರೂ ಇಲ್ಲ."

ಅವನು ತಿರುಗಿದ. ಚೆಂಡನ್ನು ರಿಂಗಿನೊಳಗೆ ಇಟ್ಟೇಬಿಟ್ಟ. ಸೀಟಿ ಮೊಳಗಿತು, ನಾವು ಒಂದು ಪಾಯಿಂಟಿನಿಂದ ಸೋತೆವು.

ನಮ್ಮ ಹುಡುಗರು ಬಾಯಿ ಬಿಟ್ಟುಕೊಂಡು ಇವರನ್ನೇ ನೋಡಿದರು. ಡೀನ್ ಇಳಿದು ಬಂದು, "ನಾಳೆಯಿಂದ ಗುರುದತ್ತ ನೋಡಿಕೊಳ್ತಾನೆ" ಎಂದಷ್ಟೇ ಹೇಳಿ ಹೋದರು. ಇವರು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಹೋಗಲಿ, ಇವತ್ತು ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡೆ.

ಅಷ್ಟರಲ್ಲಿ ಸುಮಂತ ಬಂದ. ಡೀನರ ಮಾತು ಅವನ ಕಿವಿಗೂ ಬಿದ್ದಿತ್ತು. ಅಷ್ಟೆತ್ತರದವನು ಬಾಗಿ, ಇವರ ಮುಖಕ್ಕೆ ಮುಖ ಕೊಟ್ಟು, "ಸಾರಿ, ಸರ್" ಎಂದ. ಕಣ್ಣು ತುಂಬಿತ್ತು.

"ಸಾರಿ ಎಂತಕ್ಕೆ?" ಎಂದರು ಇವರು. "ತಿರುಗುವಾಗ ಎಡಗಾಲು ಸ್ವಲ್ಪ ತಡ ಆಗ್ತದೆ, ನೋಡಿಕೋ. ಇನ್ನೊಂದು ವರ್ಷ ಕೊಡು, ಸರಿ ಆಗ್ತದೆ."

ಬೈಯಲು ಬಾಯಿ ತೆರೆದವಳಿಗೆ ಅಳು ಬಂದುಬಿಟ್ಟಿತು.