ಟ್ರಯಲ್ ನೋಡದೆ ಹೊಲಿಗೆ ಹಾಕದವಳು

‘ಇಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ’ ಎಂದು ಬೋರ್ಡು ಬರೆಸಿ ತೂಗುಹಾಕಿದ ದರ್ಜಿ ಊರಿಗೆಲ್ಲ ಅವಳೊಬ್ಬಳೇ. ಹೊಸದನ್ನು ಹೊಲಿಯುವವರು ಹಾದಿಬೀದಿಯಲ್ಲಿ ಸಿಗುತ್ತಾರೆ, ಅವರು ಹೊಲಿದದ್ದನ್ನು ಸರಿಮಾಡುವವರೂ ಒಬ್ಬರು ಬೇಕಲ್ಲ ಎಂಬುದು ಅವಳ ವಾದ. ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯದ್ದನ್ನು ಸಡಿಲಿಸುವುದು, ಹಲ್ಲು ಉದುರಿದ ಜಿಪ್ಪಿಗೆ ಹೊಸ ಹಲ್ಲಿನ ಸೆಟ್ಟು ಕೂರಿಸುವುದು, ಮದುವೆಗೆ ಹೊಲಿಸಿದ ಕೋಟನ್ನು ಮದುವೆಯ ನಂತರದ ಹೊಟ್ಟೆಯ ಜೊತೆ ರಾಜಿ ಮಾಡಿಸುವುದು, ಇಷ್ಟೇ ಅವಳ ಉದ್ಯೋಗ. ಬೀದಿಯವರು ಆಲ್ಟರೇಶನ್ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದಾಗ ಒಳಗೊಳಗೇ ಚುಚ್ಚುತ್ತಿತ್ತು. ಆದರೆ ಸೂಜಿಯ ಕೆಲಸದವರಿಗೆ ಚುಚ್ಚಿಸಿಕೊಳ್ಳುವುದು ಹೊಸದಲ್ಲ.

ಅಂಗಡಿ ಎಂದರೆ ಸೈಕಲ್ ರಿಪೇರಿಯವನಿಗೂ ಜೆರಾಕ್ಸಿನವನಿಗೂ ನಡುವೆ ಒತ್ತರಿಸಿಕೊಂಡು ನಿಂತ ಒಂದು ಉದ್ದನೆಯ ಕೋಣೆ. ಮುಂದೆ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಆಳೆತ್ತರದ ಕನ್ನಡಿ, ಕನ್ನಡಿಯ ಮುಂದೆ ಗಿರಾಕಿ ನಿಲ್ಲಲು ಒಂದು ಮರದ ಮಣೆ. ಆ ಮಣೆಯೇ ಅವಳ ನ್ಯಾಯಪೀಠ. ಪ್ಯಾಂಟು ಗಿಡ್ಡ ಮಾಡಬೇಕೆಂದರೆ ಪ್ಯಾಂಟಿನ ಜೊತೆ ಕಾಲೂ ಬರಬೇಕು. ಮೊದಲು ಸೀಮೆಸುಣ್ಣದ ಗೆರೆ. ಆಮೇಲೆ, ಎಳೆದರೆ ಬಿಟ್ಟುಕೊಳ್ಳುವಂಥ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ. ಅದನ್ನು ತೊಟ್ಟವನು ಕನ್ನಡಿಯಲ್ಲಿ ಹಿಂದುಮುಂದು ನೋಡಿ, ಒಂದು ಸಲ ಕೂತು ಎದ್ದು, ‘ಸರಿ’ ಎಂದ ಮೇಲೆಯೇ ಕತ್ತರಿ. ಹೆಂಡತಿ ಬಂದು ಗಂಡನ ಪರವಾಗಿ ಸರಿ ಎಂದರೂ ಒಪ್ಪುತ್ತಿರಲಿಲ್ಲ. ಸಂಸಾರದಲ್ಲಿ ನಡೆಯುವುದೆಲ್ಲ ಮಣೆಯ ಮೇಲೆ ನಡೆಯುವುದಿಲ್ಲ.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಏರಿಳಿತ ಎಲ್ಲರ ಬಾಳಿನಲ್ಲೂ ಇದೆ, ಅವನಿಗೆ ಅದಕ್ಕೆ ಸಂಬಳವೂ ಇತ್ತು. ಅವನ ತಮ್ಮನ ಹೆಂಡತಿ, ಅಂದರೆ ಅಕ್ಕನ ಓರಗಿತ್ತಿ, ಸೆಕೆಂಡ್ ಹ್ಯಾಂಡಿನ ಒಂದು ಕಸೂತಿ ಯಂತ್ರ ತಂದು ಅಂಗಡಿಯ ಹಿಂಭಾಗದಲ್ಲಿ ಇಟ್ಟುಕೊಂಡದ್ದು ಎರಡು ವರ್ಷದ ಹಿಂದೆ. ಓರಗಿತ್ತಿಯರು ಒಂದೇ ಸೂರಿನಡಿ ಕೆಲಸ ಮಾಡುತ್ತಾರಂತೆ ಎಂದು ಕೇಳಿ ನೆಂಟರು ಕಿವಿ ನಿಮಿರಿಸಿ ಕಾದರು. ಪಾಪ, ಅವರಿಗೆ ಏನೂ ಸಿಗಲಿಲ್ಲ. ಒಬ್ಬಳದು ಬಿಚ್ಚುವ ಕೆಲಸ, ಇನ್ನೊಬ್ಬಳದು ತುಂಬುವ ಕೆಲಸ. ಪೈಪೋಟಿಗೆ ಜಾಗವೇ ಇರಲಿಲ್ಲ.

ಕಸೂತಿ ಯಂತ್ರ ತಾನಾಗಿ ಏನೂ ಹೊಲಿಯುವುದಿಲ್ಲ. ಚಿತ್ರವನ್ನು ಹೊಲಿಗೆಯಾಗಿಸಿ ಅದರ ಬಾಯಿಗೆ ಹಾಕಲು ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಬೇಕು. ಕಂಪನಿಯದು ದುಬಾರಿ. ಜೆರಾಕ್ಸಿನವನು ಪುಕ್ಕಟೆಯದೊಂದನ್ನು ಹಾಕಿಕೊಟ್ಟ. ಅದು ಯಾರ ಸ್ವತ್ತೂ ಅಲ್ಲ, ಎಲ್ಲೆಲ್ಲೋ ಇರುವ ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು, ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು ಎಂದ. ಅದರ ಕೈಪಿಡಿ ನಮ್ಮ ಭಾಷೆಯಲ್ಲೂ ಇದೆ ಎಂದಾಗ ಓರಗಿತ್ತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳಿಗೆ ಬೇರೆ ಭಾಷೆ ಓದಲು ಬರುತ್ತಿರಲಿಲ್ಲ.

ಆದರೆ ಆ ಕೈಪಿಡಿಯನ್ನು ಬರೆದ ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡು ಟೈಪು ಮಾಡಿದ್ದಿರಬೇಕು. ಮೊದಲನೇ ಪುಟದಲ್ಲೇ ‘ಬೆಟ್ಟವನ್ನು ಫ್ರೇಮಿಗೆ ಬಿಗಿಯಾಗಿ ಕೂರಿಸಿ’ ಎಂದಿತ್ತು. ಎರಡನೆಯದರಲ್ಲಿ ‘ಮೇಲಿನ ದ್ವಾರ ಸಡಿಲವಾಗಿದ್ದರೆ ಬಿಗಿಗೊಳಿಸಿ’. ಓರಗಿತ್ತಿ ಎದ್ದು ಹೋಗಿ ಅಂಗಡಿಯ ಬಾಗಿಲಿನ ಮೇಲಿನ ಚಿಲಕವನ್ನು ಅಲುಗಾಡಿಸಿ ನೋಡಿ ಬಂದಳು.

“ಚಿಲಕ ಗಟ್ಟಿಯಾಗೇ ಇದೆ ಅಕ್ಕ. ಆದ್ರೂ ಮೆಷಿನ್ ಯಾಕೆ ಓಡ್ತಿಲ್ಲ?”

ಅಕ್ಕ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು ಪರದೆಯತ್ತ ಬಗ್ಗಿ ಓದಿದಳು. ನಗು ತಡೆಯಲಾಗಲಿಲ್ಲ. ನಗು ಮುಗಿದ ಮೇಲೆ ಕೈ ತಡೆಯಲಾಗಲಿಲ್ಲ. ಪುಟದ ಮೂಲೆಯಲ್ಲಿ ಪೆನ್ಸಿಲಿನ ಚಿತ್ರವಿತ್ತು. ಅದನ್ನು ಒತ್ತಿದರೆ ಅಕ್ಷರಗಳು ತಿದ್ದಿಸಿಕೊಳ್ಳಲು ಸಿದ್ಧವಾಗಿ ನಿಲ್ಲುತ್ತಿದ್ದವು, ಮಣೆ ಹತ್ತಿದ ಗಿರಾಕಿಯ ಹಾಗೆ.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ, ಗಿರಾಕಿಗಳು ಬರದ ಆ ಮಂಪರು ಹೊತ್ತಿನಲ್ಲಿ, ಅವಳು ಕೈಪಿಡಿ ಹಿಡಿದು ಕೂರತೊಡಗಿದಳು. ಬೆಟ್ಟವನ್ನು ಇಳಿಸಿ ಬಟ್ಟೆ ಮಾಡಿದಳು, ದ್ವಾರವನ್ನು ಕಿತ್ತು ದಾರ ಹಾಕಿದಳು. ಬಿಟ್ಟುಹೋದ ಒತ್ತಕ್ಷರಗಳಿಗೆ ಒತ್ತು ಕೊಟ್ಟಳು, ಬೇಡದ ಕಡೆ ಮೂಡಿದ್ದ ಕೊಂಬುಗಳನ್ನು ಮುರಿದಳು. ಅಗಲವಾದದ್ದೆಲ್ಲ ತನ್ನ ಅಳತೆಗೆ ಬರುತ್ತಿರುವ ಆ ಸಮಾಧಾನಕ್ಕೆ ಸಾಟಿಯಿರಲಿಲ್ಲ. ಸಂಜೆ ಮನೆಗೆ ಹೋಗುವಾಗ ಅವಳ ನಡಿಗೆಯಲ್ಲೇ ಇವತ್ತು ಎಷ್ಟು ಪುಟ ಆಯಿತೆಂದು ಗೊತ್ತಾಗುತ್ತದೆ ಎಂದು ಗಂಡ ಹೇಳುತ್ತಿದ್ದ.

ತಿದ್ದಿದ ಮೇಲೆ ಪರದೆ ಒಂದು ಪ್ರಶ್ನೆ ಕೇಳುತ್ತಿತ್ತು. ‘ಕರಡಾಗಿ ಇಡಬೇಕೆ? ಪರಿಶೀಲನೆಗೆ ಸಿದ್ಧವೇ?’ ಅಕ್ಕ ಒಂದು ಕ್ಷಣವೂ ಯೋಚಿಸದೆ ಪ್ರತಿ ಸಲ ಕರಡನ್ನೇ ಒತ್ತುತ್ತಿದ್ದಳು. ಕರಡು ಎಂದರೆ ಕಚ್ಚಾ ಹೊಲಿಗೆ. ಅದರ ಯಜಮಾನರು ಬಂದು, ಹಿಂದುಮುಂದು ನೋಡಿ, ಸರಿ ಎಂದ ಮೇಲೆ ತಾನೇ ಪಕ್ಕಾ ಹೊಲಿಗೆ? ಆ ಯಜಮಾನರು ಯಾರೆಂದೂ ಅವಳಿಗೆ ಗೊತ್ತಿತ್ತು. ಕೈಪಿಡಿಯ ಉಸ್ತುವಾರಿಯ ಹೆಸರಿನ ಜಾಗದಲ್ಲಿ ಹೆಸರಿರಲಿಲ್ಲ, ಒಂದು ಗೂಬೆಯ ಚಿತ್ರವಿತ್ತು. ಅವಳು ಮರ್ಯಾದೆ ಬಿಡದೆ ‘ಗೂಬೆಯವರು’ ಎನ್ನುತ್ತಿದ್ದಳು.

ಗೂಬೆಯವರು ಬರಲಿಲ್ಲ. ತಿಂಗಳುಗಳು ಕಳೆದವು. ದೊಡ್ಡವರು, ನೂರೆಂಟು ಕೆಲಸವಿರುತ್ತದೆ, ಟ್ರಯಲಿಗೆ ಬರದೆ ಬಟ್ಟೆ ಮರೆತ ಗಿರಾಕಿಗಳು ತನ್ನ ಬೀರುವಿನಲ್ಲೂ ಇಲ್ಲವೇ ಎಂದು ಅವಳು ಸುಮ್ಮನಿದ್ದಳು. ಕರಡುಗಳು ಸಾಲುಗಟ್ಟಿ ಬೆಳೆದವು. ಅಷ್ಟೊಂದು ಕರಡು ಸಾಕಿಕೊಂಡು ಏನು ಮಾಡುತ್ತಾಳೆ, ಒಂದು ಕರಡಿಯನ್ನಾದರೂ ಸಾಕಿದ್ದರೆ ಕುಣಿಸಬಹುದಿತ್ತು ಎಂದು ಗಂಡ ಊಟದ ಹೊತ್ತಿನಲ್ಲಿ ಕಿಚಾಯಿಸುತ್ತಿದ್ದ. ಓರಗಿತ್ತಿಗಂತೂ ತೊಂದರೆಯಿರಲಿಲ್ಲ. ಎಲ್ಲಿ ಸಿಕ್ಕಿಕೊಂಡರೂ ಅಕ್ಕ ಪಕ್ಕದಲ್ಲೇ ಕೂತು ಬಾಯಲ್ಲಿ ಸರಿಮಾಡಿ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಕೈಪಿಡಿಯ ನೆತ್ತಿಯ ಮೇಲೆ ಹಳದಿ ಪಟ್ಟಿಯೊಂದು ಕಾಣಿಸಿತು. ಮುಂದಿನ ಆವೃತ್ತಿಯಿಂದ ಈ ಭಾಷೆಯ ಪುಟಗಳು ಇರುವುದಿಲ್ಲ, ತಪ್ಪುಗಳು ಹೆಚ್ಚಾಗಿವೆ, ತಿದ್ದುವ ಕೆಲಸ ಮುಗಿದದ್ದು ಕಾಣುತ್ತಿಲ್ಲ, ತಪ್ಪು ಕೈಪಿಡಿಗಿಂತ ಕೈಪಿಡಿ ಇಲ್ಲದಿರುವುದೇ ಮೇಲು ಎಂದು ಅದರ ಸಾರಾಂಶ. ಗಡುವು ಆ ವಾರದ ಕೊನೆ.

ಓರಗಿತ್ತಿಯ ಮುಖ ಬಿಳಿಚಿತು. ಫುಟ್‌ಬಾಲ್ ಕ್ಲಬ್ಬಿನವರ ಅಂಗಿಗಳಿಗೆಲ್ಲ ಲಾಂಛನ ಹಾಕಿಕೊಡುವ ಕೆಲಸವನ್ನು ಅವಳು ಆಗಷ್ಟೇ ಒಪ್ಪಿಕೊಂಡಿದ್ದಳು. ಅವಳ ಮೊದಲ ದೊಡ್ಡ ಕೆಲಸ ಅದು. ಹಳೆಯ ಪುಟಗಳನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡರಾಯಿತು ಎನ್ನುವಂತೆಯೂ ಇರಲಿಲ್ಲ. ಅಷ್ಟು ಬಣ್ಣದ ಲಾಂಛನ ಹೊಲಿಯಲು ಹೊಸ ಆವೃತ್ತಿಯೇ ಬೇಕಿತ್ತು, ಅದರಲ್ಲಿ ಗುಂಡಿಗಳೆಲ್ಲ ಜಾಗ ಬದಲಾಯಿಸಿದ್ದವು. ಆ ಹೊಸ ಪುಟಗಳನ್ನೂ ಅಕ್ಕ ತಿದ್ದಿ ಕರಡಾಗಿ ಇಟ್ಟಿದ್ದಳು. ಪುಟಗಳು ಹೋದರೆ ಕರಡೂ ಹೋಯಿತು.

ಅಕ್ಕನಿಗೆ ಬಂದದ್ದು ಮೊದಲು ಸಿಟ್ಟು. ಇಷ್ಟು ದಿನ ಕಣ್ಣು ಕೀಲಿಸಿ ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು. ಹಗಲಿನಲ್ಲಿ ಕಣ್ಣು ಕಾಣದವರನ್ನು ಉಸ್ತುವಾರಿಗೆ ಇಟ್ಟರೆ ಇನ್ನೇನಾಗುತ್ತದೆ ಎಂದಳು. ಹಾಗೆಂದು ಇಲ್ಲಿ ಕೂತು ಬೈದರೆ ಅವರಿಗೆ ಕೇಳಿಸುತ್ತದೆಯೇ, ಅಲ್ಲೇ ಬರೆಯಬಾರದೇ ಎಂದು ಓರಗಿತ್ತಿ ಕೀಬೋರ್ಡನ್ನು ಅವಳತ್ತ ತಳ್ಳಿದಳು. ಅಕ್ಕ ಬರೆದಳು: ‘ತಾವು ಬಂದು ನೋಡುತ್ತೀರೆಂದು ವರ್ಷದಿಂದ ಕಾಯುತ್ತಿದ್ದೇನೆ. ಒಂದು ಸಲವೂ ಈ ಕಡೆ ತಲೆ ಹಾಕಲಿಲ್ಲ. ಈಗ ಕೆಲಸ ಕಾಣುತ್ತಿಲ್ಲ ಎನ್ನುತ್ತೀರಿ.’

ಗೂಬೆಯವರ ಉತ್ತರ ಚಹಾ ಆರುವ ಮೊದಲೇ ಬಂತು. ‘ಮೇಡಂ, ನಾನೂ ವರ್ಷದಿಂದ ನಿಮಗಾಗಿ ಕಾಯುತ್ತಿದ್ದೇನೆ. ಕರಡು ಎಂದರೆ ನಮ್ಮಲ್ಲಿ ಇನ್ನೂ ಕೆಲಸ ನಡೆಯುತ್ತಿದೆ, ಯಾರೂ ಇಣುಕಬೇಡಿ ಎಂದರ್ಥ. ಅವಸರ ಮಾಡಿದರೆ ನಿಮಗೆ ಬೇಸರವಾದೀತೆಂದು ಕೇಳಲಿಲ್ಲ. ನಿಮ್ಮ ಸಲುವಾಗಿ ಗಡುವನ್ನು ಒಮ್ಮೆ ಮುಂದೂಡಿಸಿದ್ದೇನೆ. ಲೆಕ್ಕಕ್ಕೆ ಬರುವುದು ಸಿದ್ಧ ಎಂದು ಕಳಿಸಿದ್ದು ಮಾತ್ರ. ಎಲ್ಲವನ್ನೂ ಸಿದ್ಧ ಎಂದು ಒತ್ತಿಬಿಡಿ, ನಾನು ಒಪ್ಪಿಬಿಡುತ್ತೇನೆ.’

ಅಕ್ಕ ಎರಡು ಸಲ ಓದಿದಳು. ‘ನೀವು ಮೊದಲು, ನೀವು ಮೊದಲು’ ಎಂದು ಇಬ್ಬರು ಸಂಭಾವಿತರು ಲಿಫ್ಟಿನ ಬಾಗಿಲಲ್ಲಿ ನಿಂತೇ ಇದ್ದರೆ ಲಿಫ್ಟು ಖಾಲಿ ಮೇಲೆ ಹೋಗುತ್ತದೆ, ತಾನು ದಿನಾ ನೋಡುತ್ತೇನೆ ಎಂದು ಆ ಸಂಜೆ ಗಂಡ ಹೇಳಿದ.

ಸಿಟ್ಟೇನೋ ಇಳಿಯಿತು. ಒತ್ತಲು ಮಾತ್ರ ಬೆರಳು ಏಳಲಿಲ್ಲ. ಮರುದಿನ ಬೆಳಿಗ್ಗೆಯೂ ಏಳಲಿಲ್ಲ. ಓರಗಿತ್ತಿ ಹತ್ತು ಸಲ ಬಂದು ಹೋದಳು. ಹನ್ನೊಂದನೆಯ ಸಲ ತಾಳ್ಮೆಗೆಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅವರೇ ಒಪ್ಪಿದಾರಲ್ಲ ಅಕ್ಕ, ಇನ್ನೇನು ಅಡ್ಡಿ?”

“ನೋಡದೇ ಒಪ್ತೀನಿ ಅಂದ್ರೆ ಅದೆಂಥ ಒಪ್ಪಿಗೆಯೇ? ಹಾಕ್ಕೊಂಡು ನೋಡದೇ ಇದ್ದೋರ ಮಾತಿಗೆ ನಾನು ಯಾವತ್ತು ಕತ್ತರಿ ಹಿಡಿದಿದೀನಿ?”

“ಅವರ್ಯಾಕೆ ಹಾಕ್ಕೋತಾರೆ?” ಎಂದಳು ಓರಗಿತ್ತಿ. “ಈ ಪುಸ್ತಕ ಹಾಕ್ಕೊಳ್ಳೋಳು ನಾನಲ್ವಾ?”

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅಳತೆ ತೆಗೆಯುವ ಕಣ್ಣಿನಿಂದ. ವರ್ಷಪೂರ್ತಿ ಗಿರಾಕಿ ಬರಲಿಲ್ಲ ಎಂದು ಬೀದಿ ನೋಡುತ್ತ ಕೂತಿದ್ದಳು. ಗಿರಾಕಿ ಅಂಗಡಿಯ ಹಿಂಭಾಗದಲ್ಲೇ, ಅಕ್ಕನದೇ ಬುತ್ತಿಯಿಂದ ಪಲ್ಯ ಎತ್ತಿಕೊಂಡು ತಿನ್ನುತ್ತಿದ್ದಳು.

ಅಂಗಡಿಗೆ ‘ಮುಚ್ಚಿದೆ’ ಫಲಕ ಬಿತ್ತು. ಹೊಸ ಆವೃತ್ತಿಯ ಪ್ರಾಯೋಗಿಕ ಪ್ರತಿಯನ್ನು ಜೆರಾಕ್ಸಿನವನು ಕಂಪ್ಯೂಟರಿಗೆ ಹಾಕಿಕೊಟ್ಟ. ಅಕ್ಕ ಕರಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುವುದು, ಓರಗಿತ್ತಿ ಯಂತ್ರದ ಮುಂದೆ ಕೂತು ಓದಿದಷ್ಟನ್ನೇ ಮಾಡುವುದು, ಸ್ವಂತ ಬುದ್ಧಿ ಕಿಂಚಿತ್ತೂ ಉಪಯೋಗಿಸಕೂಡದು ಎಂದು ಒಪ್ಪಂದವಾಯಿತು. ಅದೇನೂ ಕಷ್ಟವಲ್ಲ, ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಭ್ಯಾಸವಿದೆ ಎಂದು ಓರಗಿತ್ತಿ ಕೊಂಕು ನುಡಿದಳು. ಬಟ್ಟೆ ಫ್ರೇಮಿನಲ್ಲಿ ಕೂತಿತು. ದಾರ ಬಿಗಿಯಾಯಿತು. ಬಾಬಿನ್ ತುಂಬಿತು. ಪುಟ ಸರಿಹೊಂದಿದ ಕೂಡಲೇ ಓರಗಿತ್ತಿ ‘ಸರಿ’ ಎನ್ನುವಳು, ಅಕ್ಕ ‘ಸಿದ್ಧ’ ಒತ್ತುವಳು. ಕೆಲವು ಕಡೆ ಅಕ್ಷರವೆಲ್ಲ ಸರಿಯಿದ್ದೂ ವಾಕ್ಯ ಕಂಕುಳಲ್ಲಿ ಹಿಡಿಯುತ್ತಿತ್ತು. ಅಲ್ಲಿ ಒಂದಿಷ್ಟು ಬಿಚ್ಚಿ ಸಡಿಲ ಮಾಡಿದಳು.

ಬಣ್ಣ ಬದಲಿಸುವ ಪುಟಕ್ಕೆ ಬಂದಾಗ ಟಕ್ಕೆಂದು ಶಬ್ದವಾಯಿತು. ಸೂಜಿ ಮುರಿದು ತುಂಡು ಇಸ್ತ್ರಿ ಮೇಜಿನ ತನಕ ಹಾರಿತ್ತು.

“ನೀನೇನೇ ಮಾಡ್ದೆ?”

“ನೀನು ಓದಿದ್ದೇ ಮಾಡ್ದೆ.”

ಅಕ್ಕ ತಾನು ತಿದ್ದುವ ಮೊದಲಿನ ಪುಟವನ್ನು ತೆರೆದು ಪಕ್ಕದಲ್ಲಿಟ್ಟು ನೋಡಿದಳು. ಫ್ರೇಮು ಸರಿಸುವ ಮೊದಲು ಸೂಜಿಯನ್ನು ಮೇಲೆತ್ತಿ ಎಂಬ ಸಾಲು ಅಲ್ಲಿ ಇತ್ತು, ಇಲ್ಲಿ ಇರಲಿಲ್ಲ. ಕೊಂಬು ಮುರಿಯುವ ಉತ್ಸಾಹದಲ್ಲಿ ಅವಳೇ ಆ ಸಾಲನ್ನು ಅಳಿಸಿಬಿಟ್ಟಿದ್ದಳು. ನಿನ್ನೆಯೇ ಎಲ್ಲವನ್ನೂ ಒತ್ತಿಬಿಟ್ಟಿದ್ದರೆ ಈ ಟಕ್ ಎನ್ನುವ ಶಬ್ದ ಇನ್ನೆಷ್ಟು ಅಂಗಡಿಗಳಲ್ಲಿ ಕೇಳಿಸುತ್ತಿತ್ತೋ. ಅವಳು ಸಾಲನ್ನು ಮೊದಲಿನ ಜಾಗದಲ್ಲಿ ಕೂರಿಸಿದಳು. ಓರಗಿತ್ತಿ ಹೊಸ ಸೂಜಿ ಹಾಕಿದಳು. ಇದನ್ನು ನಿನ್ನ ಭಾವನಿಗೆ ಹೇಳಬೇಡ ಎಂದು ಅಕ್ಕ ಕೇಳಿಕೊಳ್ಳಲಿಲ್ಲ, ಓರಗಿತ್ತಿ ಹೇಳಲೂ ಇಲ್ಲ. ನೆಂಟರು ಕಾದದ್ದು ಇಂಥದ್ದಕ್ಕೇ, ಆದರೆ ಅವರ್ಯಾರೂ ಅಲ್ಲಿರಲಿಲ್ಲವಲ್ಲ.

ಗಡುವಿನ ಹಿಂದಿನ ದಿನ ಕೊನೆಯ ಪುಟಕ್ಕೆ ‘ಸರಿ’ ಬಿತ್ತು. ಗೂಬೆಯವರು ಒಂದೊಂದನ್ನೇ ಒಪ್ಪುತ್ತ ಬಂದರು. ಪರದೆಯ ಮೇಲೆ ಬೂದು ಗುರುತುಗಳೆಲ್ಲ ಹಸಿರಾಗುವುದನ್ನು ಓರಗಿತ್ತಿಯರಿಬ್ಬರೂ ಹಾಲು ಉಕ್ಕುವುದನ್ನು ಕಾಯುವವರಂತೆ ನಿಂತು ನೋಡಿದರು. ಹಳದಿ ಪಟ್ಟಿ ಮಾಯವಾಯಿತು. ಕೊನೆಗೆ ಗೂಬೆಯವರು, ಇನ್ನು ಮುಂದೆ ಈ ಭಾಷೆಯ ಪುಟಗಳನ್ನು ನೀವೇ ನೋಡಿಕೊಳ್ಳಬಹುದೇ ಎಂದು ಕೇಳಿದರು. ನೋಡಿಕೊಳ್ಳುತ್ತೇವೆ ಎಂದು ಅಕ್ಕ ಬಹುವಚನದಲ್ಲಿ ಬರೆದಳು. ಇವಳ್ಯಾಕೆ ತನಗೆ ತಾನೇ ಬಹುವಚನ ಹಚ್ಚಿಕೊಳ್ಳುತ್ತಿದ್ದಾಳೆ ಎಂದು ಗಂಡನಿಗೆ ಆಶ್ಚರ್ಯವಾಯಿತು. ಎರಡನೆಯವಳು ಯಾರೆಂದು ತಿಳಿದ ಮೇಲೆ ಅವನು, ತಮ್ಮನಿಗೆ ಇನ್ನು ಮಧ್ಯಾಹ್ನದ ಊಟ ಹೋಟೆಲಿನಲ್ಲೇ ಎಂದ.

ಹೊಸ ಆವೃತ್ತಿ ಬಂತು. ಹಿಂಭಾಗದಲ್ಲಿ ಕಸೂತಿ ಯಂತ್ರ ಲಾಂಛನದ ಮೇಲೆ ಲಾಂಛನ ಹೊಲಿಯುತ್ತ ಟರಟರ ಎನ್ನತೊಡಗಿತು. ಕ್ಲಬ್ಬಿನ ಗೋಲ್‌ಕೀಪರು ತನ್ನ ಅಂಗಿಯನ್ನು ತೊಟ್ಟು ಮಣೆಯ ಮೇಲೆ ನಿಂತು ನೋಡಿ, ಇನ್ನು ಚೆಂಡೂ ನಾಚಿಕೊಂಡು ಹೊರಗೇ ಹೋಗುತ್ತದೆ ಎಂದು ಹೋದ.

ಒಂದು ಮಧ್ಯಾಹ್ನ ಅಕ್ಕ ಪುಟ ತೆರೆದರೆ, ಅಲ್ಲೊಂದು ಬೂದು ಗುರುತು. ಎಲ್ಲಿಯವರೋ, ಕೆಟಲಿನ ಚಿತ್ರ ಇಟ್ಟುಕೊಂಡವರೊಬ್ಬರು, ಅಕ್ಕ ತಿದ್ದಿದ ಪುಟವನ್ನೇ ತಿದ್ದಿ ಕರಡಾಗಿ ಇಟ್ಟಿದ್ದರು. ಇಟ್ಟು ಮೂರು ವಾರವಾಗಿತ್ತು. ಇಣುಕಬಾರದು ಎಂಬ ಪದ್ಧತಿ ಅವಳಿಗೆ ಈಗ ಗೊತ್ತು. ಮಡಚಿ ಗುಂಡುಸೂಜಿ ಚುಚ್ಚಿದ ಪ್ಯಾಂಟನ್ನು ತೊಡೆಯ ಮೇಲಿಟ್ಟುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಬರೆದಳು: ‘ನಮಸ್ಕಾರ. ನಿಮ್ಮದು ಮುಗಿದಿದೆಯೇ, ಅಥವಾ ನನಗಾಗಿ ಕಾಯುತ್ತಿದ್ದೀರಾ?’

ಒಂದು ಕಾಲಿನ ಹೊಲಿಗೆ ಮುಗಿಯುವಷ್ಟರಲ್ಲಿ ಉತ್ತರ ಬಂದಿತ್ತು. ‘ನಿಮಗಾಗಿಯೇ ಕಾಯುತ್ತಿದ್ದೆ. ಕೇಳಲು ಸಂಕೋಚವಾಯಿತು.’

ಅಕ್ಕ ಪ್ಯಾಂಟನ್ನು ಪಕ್ಕಕ್ಕಿಟ್ಟಳು.

“ಬಾರೇ,” ಎಂದು ಹಿಂಭಾಗಕ್ಕೆ ಕೂಗಿದಳು, “ಟ್ರಯಲ್ ಇದೆ.”