ಹೆಣ್ಣಾಳು

ಪಾಂಡವಪುರದ ಸುತ್ತ ಗದ್ದೆ ನಾಟಿಗೆ ಆಳು ಕರೆಯುವಾಗ ಹೆಸರು ಕೇಳುವ ರೂಢಿಯಿಲ್ಲ. ಹೆಣ್ಣಾಳು ಎಷ್ಟು, ಗಂಡಾಳು ಎಷ್ಟು, ಅಷ್ಟೇ. ಒಟ್ಲಿನಲ್ಲಿ ಬೆಳೆದ ಎಳೆ ಪೈರನ್ನು ಕಿತ್ತು ಕಟ್ಟು ಕಟ್ಟುವುದು ಗಂಡಾಳಿನ ಕೆಲಸ; ಕೆಸರಿನಲ್ಲಿ ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತ ನೆಡುವುದು ಹೆಣ್ಣಾಳಿನದು. ದಿನವಿಡೀ ಸೊಂಟ ಮುರಿದುಕೊಳ್ಳುವವರಿಗೆ ಕೂಲಿ ಕಡಿಮೆ, ಕೂತು ಕೀಳುವವರಿಗೆ ಹೆಚ್ಚು. ಇದು ಯಾವ ದೇವರು ಮಾಡಿದ ನ್ಯಾಯವೋ ಕಾಣೆ. ಆದರೂ ಆ ಕಡಿಮೆ ಕೂಲಿಯನ್ನೇ ಆಸೆಪಟ್ಟು ಬಂದವಳು ಒಬ್ಬಳಿದ್ದಳು, ರಂಜಿತ.

ಮೂವತ್ತೆರಡರ ರಂಜಿತ ಹುಟ್ಟಿದ್ದು ಬೂಕನಕೆರೆಯಲ್ಲಿ, ದೇವರಾಜುವಿನ ಒಬ್ಬನೇ ಮಗ ರವೀಂದ್ರನಾಗಿ. ತಾನು ಹುಡುಗನಲ್ಲ ಎಂಬುದು ಬುದ್ಧಿ ಬಂದಾಗಿನಿಂದ ಅವಳಿಗೆ ಗೊತ್ತಿತ್ತು, ಹೇಳಲು ಮಾತಿರಲಿಲ್ಲ. ನಾಟಿಯ ದಿನ ಸುಮ್ಮನೆ ಹೋಗಿ ಹೆಂಗಸರ ಸಾಲಿನಲ್ಲಿ ನಿಲ್ಲುತ್ತಿದ್ದಳು. ಅಪ್ಪ ಕಿವಿ ಹಿಡಿದು ಎಳೆತಂದು ಒಟ್ಲಿನಲ್ಲಿ ಕೂರಿಸುತ್ತಿದ್ದ. “ಗಂಡ್ಸಾಗಿ ಉಟ್ಟಿದ್ದೀಯ, ಗಂಡ್ಸ್ರು ಕೆಲ್ಸ ಕಲಿ ಕಣ್ಲಾ!” ಕಟ್ಟು ಸಡಿಲವಾದರೆ ಹುಣಸೆ ಬರಲಿನ ಏಟು ಬೀಳುತ್ತಿತ್ತು. ಎರಡು ಮಳೆಗಾಲದಲ್ಲಿ ಕೈ ತಾನಾಗಿ ಕಲಿಯಿತು.

ಹತ್ತೊಂಬತ್ತಕ್ಕೆ ಮನೆ ಬಿಟ್ಟಳು. ಬಿಟ್ಟಳು ಅನ್ನುವುದಕ್ಕಿಂತ ಬಿಡಿಸಿದರು. ಶ್ರೀರಂಗಪಟ್ಟಣದ ಹೆದ್ದಾರಿಯಲ್ಲಿ ತನ್ನಂಥವರ ಜೊತೆ ಚಪ್ಪಾಳೆ ತಟ್ಟಿ ಕೈಚಾಚಿದಳು. ಆ ದುಡ್ಡಿನಲ್ಲೇ ಆಪರೇಷನ್ ಆಯಿತು, ವರ್ಷಗಟ್ಟಲೆ ಮಾತ್ರೆ ನುಂಗಿದ್ದಾಯಿತು, ಕೂದಲು ಬೆನ್ನು ಮುಟ್ಟಿತು. ಕನ್ನಡಿಯಲ್ಲಿ ಕಾಣುವವಳು ಕೊನೆಗೂ ತಾನೇ ಆದಳು. ಆದರೆ ಕಾರಿನ ಗಾಜು ಏರಿಸಿಕೊಂಡು “ದುಡಿದು ತಿನ್ನೋಕೇನು ರೋಗ?” ಅನ್ನುವವರ ಮಾತು ತಪ್ಪಲಿಲ್ಲ. ಹಾಗನ್ನುವವರಿಗೇನೂ ಬರವಿಲ್ಲ, ಕೆಲಸ ಕೊಡಿ ಎಂದಾಗ ಅವರೊಬ್ಬರೂ ಕಾಣುವುದಿಲ್ಲ. ಹದಿಮೂರು ವರ್ಷಕ್ಕೆ ಸಾಕೆನಿಸಿ, ಈ ಮುಂಗಾರಿನಲ್ಲಿ ಪಾಂಡವಪುರಕ್ಕೆ ಬಂದು ಬಾಡಿಗೆ ಕೋಣೆ ಹಿಡಿದಳು. ತಾನು ಯಾರೆಂದು ಯಾರಿಗೂ ಹೇಳಲಿಲ್ಲ.

ಕುಳ್ಳಮ್ಮ ನಾಟಿ ಹೆಂಗಸರ ತಂಡ ಕಟ್ಟಿಕೊಂಡು ಊರೂರು ತಿರುಗುವವಳು. ಅವಳ ತಂಡಕ್ಕೆ ಆಳು ಬೇಕಿತ್ತು. “ಎಬ್ಬೆಟ್ಟು ಇಂಗ್ ಮಡ್ಗಿ ಒತ್ತು ಕಣಮ್ಮಿ” ಎಂದು ನೆಡುವುದನ್ನು ಅವಳೇ ಕಲಿಸಿದಳು. ಬುತ್ತಿ ಬಿಚ್ಚುವಾಗ, ಊರಿಗೆ ಹೊಸ ಸೊಸೆಯಾಗಿ ಬಂದಿದ್ದ ರಮ್ಯ “ಅಕ್ಕ, ನಿನ್ ಗೊಜ್ಜು ನಂಗೆ” ಎಂದು ಡಬ್ಬಿಗೆ ಕೈ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಕುಳ್ಳಮ್ಮ ಗೂಡ್ಸ್ ಆಟೋದಲ್ಲಿದ್ದವರನ್ನು ಎಣಿಸಿ, ರಂಜಿತಳ ತಲೆ ಮುಟ್ಟಿ, “ಎಣ್ಣಾಳು ಒಟ್ಟು ಅನ್ನೊಂದು” ಎಂದಳು. ಗದ್ದೆಗೆ ಹೋದ ಮೇಲೆ ರಂಜಿತ ಬೇಲಿ ಮರೆಯಲ್ಲಿ ನಿಂತು ಅತ್ತಳು. ಅಷ್ಟು ಸುಖ ಅವಳಿಗೆ ಅಭ್ಯಾಸವಿರಲಿಲ್ಲ.

ಇಪ್ಪತ್ತೆರಡನೆಯ ದಿನ ಚಲುವರಾಜುವಿನ ಗದ್ದೆ. ಪೈರು ಕೀಳುವ ಲೋಕೇಶ್ ಒಬ್ಬನೇ ಬಂದಿದ್ದ, ಉಳಿದವರು ಕೈಕೊಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಕಟ್ಟು ಮುಗಿದು ಹೆಂಗಸರೆಲ್ಲ ಬದುವಿನ ಮೇಲೆ ಕೂತರು. ಸಂಜೆಗೆ ನಾಲೆ ನೀರು ನಿಲ್ಲುತ್ತದೆ ಎಂದು ಚಲುವರಾಜು ತಲೆ ಚಚ್ಚಿಕೊಳ್ಳುತ್ತಿದ್ದ. ರಂಜಿತಳಿಗೆ ನೋಡಲಾಗಲಿಲ್ಲ. ಒಟ್ಲಿಗೆ ಇಳಿದಳು. ಎರಡೂ ಕೈಯಲ್ಲಿ ಕಿತ್ತು, ಬೇರಿನ ಮಣ್ಣನ್ನು ಪಾದಕ್ಕೆ ಬಡಿದು, ಹುಲ್ಲೆಳೆ ಸುತ್ತಿ, ತಿರುಚಿ, ಸಿಕ್ಕಿಸಿ ಎಸೆದಳು. ಲೋಕೇಶ್ ಒಂದು ಕಟ್ಟುವಷ್ಟರಲ್ಲಿ ಅವಳದು ಮೂರು.

“ಅಬ್ಬಬ್ಬ! ಪಳಗಿದ್ ಗಂಡಾಳ್ ಕಟ್ಟು ಕಣಮ್ಮಿ ಇದು. ಯಾರ್ ಕಲ್ಸುದ್ರು?” ಎಂದ ಚಲುವರಾಜು.

ಹೊಗಳಿಕೆ ಕೇಳದ ಜೀವ, ನಾಲಗೆ ಜಾರಿತು. “ನಮ್ಮಪ್ಪ ಕಣಣ್ಣ. ಬೂಕನಕೆರೆ ದೇವರಾಜು.”

ಚಲುವರಾಜುವಿನ ಹೆಂಡತಿಯ ತವರು ಬೂಕನಕೆರೆ. “ದೇವರಾಜಂಗೆ ಎಣ್ಮಕ್ಳೆಲ್ಲವ್ರೆ? ಒಬ್ನೇ ಮಗ, ಅದೇನೋ ಆಗಿ ಓಡೋದ…” ಎನ್ನುತ್ತ ಅವನು ಅವಳ ಮುಖ, ಕತ್ತು, ಕೈ ನೋಡಿದ. ಬದುವಿನ ಮೇಲಿದ್ದ ಹೆಂಗಸರು ಮೊಣಕಾಲಿಗೆ ಎತ್ತಿ ಕಟ್ಟಿದ್ದ ಸೀರೆಯನ್ನು ಒಬ್ಬೊಬ್ಬರಾಗಿ ಇಳಿಸಿಕೊಂಡರು. ರಮ್ಯ ತನ್ನ ಡಬ್ಬಿಯನ್ನು ಎಳೆದುಕೊಂಡಳು.

“ಉಟ್ಟ್‌ಗುಣ ಸುಟ್ರೂ ಓಗಾಕಿಲ್ಲ” ಎಂದ ಲೋಕೇಶ್. ಎಂಥ ಮಾತು! ಆ ಕಟ್ಟು ಅವಳ ಹುಟ್ಟುಗುಣವಲ್ಲ, ಹುಣಸೆ ಬರಲು ಕಲಿಸಿದ ಗುಣ. ಹುಟ್ಟುಗುಣ ಯಾವುದೆಂದರೆ, ಏಟು ತಿಂದರೂ ಹೆಂಗಸರ ಸಾಲಿಗೆ ಓಡುತ್ತಿದ್ದಳಲ್ಲ, ಅದು. ಆದರೆ ಅಲ್ಲಿ ಹೀಗೆ ಹೇಳುವವರು ಯಾರೂ ಇರಲಿಲ್ಲ.

ರಂಜಿತ ಕೈ ತೊಳೆದು ಸಾಲಿಗೆ ಮರಳಿದಳು. ಕುಳ್ಳಮ್ಮ ಅಡ್ಡ ನಿಂತಳು. ಕೆಟ್ಟವಳಲ್ಲ, ಕಣ್ಣಲ್ಲಿ ನೀರಿತ್ತು. “ಬ್ಯಾಡ, ಅವ್ರು ಒಪ್ಪಾಕಿಲ್ಲ. ನೀನು ಒಟ್ಲಲ್ಲೇ ಇದ್ಬುಡು ಕಣಪ್ಪ.”

ಬೆಳಿಗ್ಗೆಯವರೆಗೆ ‘ಕಣಮ್ಮಿ’ ಅನ್ನುತ್ತಿದ್ದ ಬಾಯಿ ಅದು.

ಸಂಜೆಯವರೆಗೂ ರಂಜಿತ ಪೈರು ಕಿತ್ತಳು. ಹೆಂಗಸರು ಹಿಂದೆ ಹಿಂದೆ ಸರಿಯುತ್ತ ಅವಳು ಕಟ್ಟಿದ್ದನ್ನೇ ಬಿಚ್ಚಿ ನೆಟ್ಟರು. ಗದ್ದೆ ಮುಗಿಯಿತು. ಚಲುವರಾಜು ಕೂಲಿ ಕೊಟ್ಟ. ಒಂದೆರಡು ನೋಟು ಹೆಚ್ಚಿದ್ದವು.

“ಜಾಸ್ತಿ ಅದೆ ಕಣಣ್ಣ. ಎಣ್ಣಾಳ್ ಕೂಲಿ ಕೊಡಿ, ಸಾಕು.”

“ಗಂಡಾಳ್ ಕೆಲ್ಸಕ್ಕೆ ಗಂಡಾಳ್ ಕೂಲಿ. ಅನ್ಯಾಯದ್ ಕಾಸು ನಂಗ್ಬ್ಯಾಡಪ್ಪ” ಎಂದ ಚಲುವರಾಜು. ಊರಲ್ಲಿ ಅವನಿಗೆ ನ್ಯಾಯಸ್ಥ ಎಂಬ ಹೆಸರಿದೆ. ಅವಳು ಕೈಮುಗಿದು ಬೇಡಿದರೂ ಒಂದು ನೋಟನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಗೂಡ್ಸ್ ಆಟೋ ಅವಳ ಕೋಣೆಯ ಮುಂದೆ ನಿಲ್ಲದೆ ಹೋಯಿತು. ರಂಜಿತ ಶ್ರೀರಂಗಪಟ್ಟಣದ ಬಸ್ಸು ಹತ್ತಿದಳು. ಹೆದ್ದಾರಿಯಲ್ಲಿ ಮೊದಲ ಕಾರು ನಿಂತಾಗ, ಉಗುರಿನ ಸಂದಿಯಲ್ಲಿ ಇನ್ನೂ ಒಟ್ಲಿನ ಕೆಸರಿದ್ದ ಕೈಗಳು ತಾವಾಗಿ ಮೇಲೆದ್ದು ಚಪ್ಪಾಳೆ ತಟ್ಟಿದವು. ಅದನ್ನೂ ಅವು ಮರೆತಿರಲಿಲ್ಲ.